ಬೆರಳ ಸಂದಿನ ಉರಿ: ಕತ್ತರಿಗೂ ಮೊದಲು ಕೇಳಬೇಕಾದ್ದು

ಅಂಗಾಲಿನ ಮುಂಭಾಗದಲ್ಲಿ, ಮೂರನೇ ಮತ್ತು ನಾಲ್ಕನೇ ಬೆರಳುಗಳ ಬುಡದ ನಡುವೆ ಒಂದು ತೆಳುವಾದ ನರ ಹಾದುಹೋಗುತ್ತದೆ. ಅದು ಒತ್ತಡಕ್ಕೆ ಸಿಕ್ಕು ದಪ್ಪಗಾದರೆ ನಡೆಯುವುದೇ ಕಷ್ಟ. ಚಪ್ಪಲಿಯೊಳಗೆ ಹರಳು ಸಿಕ್ಕಿದೆ ಅನ್ನಿಸುತ್ತದೆ, ಬಿಚ್ಚಿ ಕೊಡವಿದರೆ ಏನೂ ಬೀಳುವುದಿಲ್ಲ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಉರಿ ಶುರುವಾಗುತ್ತದೆ, ಎರಡು ಬೆರಳುಗಳ ತುದಿಯವರೆಗೆ ಕರೆಂಟು ಹೊಡೆದಂತೆ ಹರಿಯುತ್ತದೆ. ಎಲ್ಲಾದರೂ ಕೂತು, ಕಾಲಿನಿಂದ ಚಪ್ಪಲಿ ಕಳಚಿ, ಪಾದ ತಿಕ್ಕಿಕೊಂಡರೆ ಇಳಿಯುತ್ತದೆ. ಎದ್ದು ನಡೆದರೆ ಮತ್ತೆ ಬರುತ್ತದೆ. ವೈದ್ಯರು ಇದಕ್ಕೆ ಮಾರ್ಟನ್ ನ್ಯೂರೋಮಾ ಎನ್ನುತ್ತಾರೆ.

ರಾಯಚೂರು ಜಿಲ್ಲೆಯ ಮಾನ್ವಿ–ದೇವದುರ್ಗ ಸೀಮೆಯಲ್ಲಿ, ಬಾಗಲವಾಡದಂಥ ಊರುಗಳಲ್ಲಿ ಈ ಹೆಸರು ಕೇಳಿದವರು ಕಡಿಮೆ. ನೋವು ಮಾತ್ರ ಹೊಸದಲ್ಲ. "ಅಂಗಾಲು ಉರಿತಾವ್ರಿ, ಬೆರಳು ಜುಮುಜುಮು ಅಂತಾವ" ಎಂದು ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಮೊದಲು ಮೆಡಿಕಲ್ ಅಂಗಡಿಯ ಗುಳಿಗೆ, ಆಮೇಲೆ ಊರಲ್ಲೇ ಸಿಗುವ ಸೂಜಿ, ಅದಕ್ಕೂ ಬಗ್ಗದಿದ್ದರೆ ರಾಯಚೂರು, ಕೈಯಲ್ಲಿ ಕಾಸಿದ್ದರೆ ಹೈದರಾಬಾದು. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ "ಆ ನರ ತೆಗೆಸಿಬಿಟ್ರ ಹೋಗ್ತದ" ಎಂಬ ಮಾತು ಕಿವಿಗೆ ಬೀಳುತ್ತದೆ. ನೋವಿನಲ್ಲಿ ಸೋತವರಿಗೆ ಅದು ಬಿಡುಗಡೆಯ ಮಾತಿನಂತೆ ಕೇಳಿಸುತ್ತದೆ.

ಶಸ್ತ್ರಚಿಕಿತ್ಸೆ ಬೇಡವೆಂದು ನಾನು ಹೇಳುತ್ತಿಲ್ಲ. ಸರಿಯಾದ ರೋಗಿಗೆ, ಸರಿಯಾದ ಹೊತ್ತಿನಲ್ಲಿ ಅದು ನಿಜವಾಗಿಯೂ ನೆಮ್ಮದಿ ಕೊಡುತ್ತದೆ. ಆದರೆ ಕತ್ತರಿಸಿ ತೆಗೆದ ನರವನ್ನು ಮರಳಿ ಕೂರಿಸಲು ಬರುವುದಿಲ್ಲ. ಆದ್ದರಿಂದ ನೋಯುತ್ತಿರುವುದು ನಿಜಕ್ಕೂ ಇದೇ ನರವೇ, ಉಳಿದ ದಾರಿಗಳನ್ನೆಲ್ಲ ನೋಡಿ ಆಯಿತೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಯಾರೂ ಆಪರೇಷನ್ ಟೇಬಲ್ ಮೇಲೆ ಮಲಗಬಾರದು. ನಮ್ಮ ಭಾಗದಲ್ಲಿ ಮೊದಲ ಪ್ರಶ್ನೆಯೇ ಹೆಚ್ಚು ತೊಡಕಿನದು.

ನರದ ಹಾದಿಯಿಂದಲೇ ಶುರುಮಾಡೋಣ. ಕಾಲಿನ ಹಿಂಭಾಗದಿಂದ ಇಳಿದುಬರುವ ಟಿಬಿಯಲ್ ನರ ಒಳಮಗ್ಗುಲಿನ ಕಣಕಾಲಿನ ಹಿಂದೆ ಹಾದು ಅಂಗಾಲಿಗೆ ಬಂದು ಎರಡಾಗಿ ಒಡೆಯುತ್ತದೆ. ಒಂದು ಕವಲು ಹೆಬ್ಬೆರಳಿನ ಕಡೆಗೆ, ಇನ್ನೊಂದು ಕಿರುಬೆರಳಿನ ಕಡೆಗೆ. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವಿನ ಸಂದಿಯಲ್ಲಿ ಅನೇಕರಿಗೆ ಈ ಎರಡೂ ಕವಲುಗಳ ಎಳೆಗಳು ಕೂಡುತ್ತವೆ. ಹಾಗಾಗಿ ಅಲ್ಲಿನ ನರ ಸ್ವಲ್ಪ ದಪ್ಪ, ಸರಿದಾಡಲು ಜಾಗವೂ ಕಡಿಮೆ ಎಂದು ಹೇಳುತ್ತಾರೆ. ಬೆರಳುಗಳ ಬುಡದ ಎಲುಬುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಅಡ್ಡ ತಂತುಪಟ್ಟಿಯೊಂದಿದೆ. ನರ ಹಾದುಹೋಗುವುದು ಅದರ ಕೆಳಗೆ, ಅಂದರೆ ನೆಲದ ಕಡೆಗೆ. ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ಭಾರ ಹಾಕಿದಾಗಲೆಲ್ಲ ನರ ಆ ಪಟ್ಟಿಯ ಅಂಚಿಗೆ ಒತ್ತಿ ಎಳೆಯುತ್ತದೆ. ವರ್ಷಗಟ್ಟಲೆ ಹೀಗೆ ಉಜ್ಜಿದ ನರದ ಸುತ್ತ ನಾರಿನಂಥ ಅಂಗಾಂಶ ಬೆಳೆದು ಅದು ಗಟ್ಟಿಯಾಗುತ್ತದೆ. ನ್ಯೂರೋಮಾ ಎಂಬ ಹೆಸರು ಗಡ್ಡೆಯಂತೆ ಕೇಳಿಸಿದರೂ ಇದು ಗಡ್ಡೆಯಲ್ಲ, ಕ್ಯಾನ್ಸರಂತೂ ಅಲ್ಲವೇ ಅಲ್ಲ. ಹೆಸರು ಕೇಳಿಯೇ ಹೆದರಿ ಆಪರೇಷನ್‌ಗೆ ಒಪ್ಪಿಕೊಳ್ಳುವವರಿದ್ದಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದು ನಡುವಯಸ್ಸಿನ ಹೆಂಗಸರಲ್ಲಿ ಗಂಡಸರಿಗಿಂತ ಬಹಳ ಹೆಚ್ಚು. ಮೂತಿ ಚೂಪಾದ ಬಿಗಿ ಶೂ, ಎತ್ತರದ ಹಿಮ್ಮಡಿಯ ಚಪ್ಪಲಿ ಮುಖ್ಯ ಕಾರಣಗಳೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಹೈಹೀಲ್ಸ್ ಹಾಕುವುದಿಲ್ಲ, ನಿಜ. ಆದರೆ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವವರನ್ನು ನೋಡಿ. ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುವ ಆ ಕೆಲಸದಲ್ಲಿ ಮೈಭಾರವೆಲ್ಲ ಮುಂಗಾಲಿನ ಮೇಲೇ. ಕೆಸರಿನಲ್ಲಿ ಜಾರದಿರಲು ಬೆರಳುಗಳು ನೆಲ ಕಚ್ಚಿ ಹಿಡಿಯುತ್ತವೆ. ಉಳಿದ ದಿನಗಳಲ್ಲಿ ಕಾಲಿಗೆ ಸಿಗುವುದು ಸವೆದು ಕಾಗದದಂತಾದ ಹವಾಯಿ ಚಪ್ಪಲಿ ಇಲ್ಲವೇ ಬೇಸಿಗೆಯಲ್ಲಿ ಕಾಯುವ ಬಿಗಿಯಾದ ಪ್ಲಾಸ್ಟಿಕ್ ಚಪ್ಪಲಿ. ಬರಿಗಾಲಿನವರಿಗೆ ಈ ನರದ ನೋವು ಬರುವುದು ಅಪರೂಪವಿರಬಹುದು. ಆದರೆ ಮುಂಗಾಲಿನ ಎಲುಬು, ಕೀಲು, ಮೆತ್ತೆಗಳು ಸೋಲುವುದು ಅಪರೂಪವಲ್ಲ, ಆ ನೋವೂ ಇದೇ ಜಾಗದಲ್ಲಿ ಕಾಣಿಸುತ್ತದೆ.

ಸರಿಯಾದ ಜಾಗ ಗುರುತಿಸಲು ವೈದ್ಯಲೋಕಕ್ಕೇ ನೂರು ವರ್ಷ ಬೇಕಾಯಿತು. ಇಟಲಿಯ ಅಂಗರಚನಾ ತಜ್ಞ ಫಿಲಿಪ್ಪೊ ಚಿವಿನಿನಿ 1835ರಲ್ಲೇ ಈ ನರದ ಉಬ್ಬನ್ನು ಬರೆದಿಟ್ಟಿದ್ದ. ವಿಕ್ಟೋರಿಯಾ ರಾಣಿಯ ಪಾದಚಿಕಿತ್ಸಕನಾಗಿದ್ದ ಲೂಯಿಸ್ ಡರ್ಲಾಕರ್ 1845ರಲ್ಲಿ ನೋವಿನ ಲಕ್ಷಣಗಳನ್ನು ವಿವರಿಸಿದ. ಹೆಸರು ಮಾತ್ರ ಉಳಿದದ್ದು 1876ರಲ್ಲಿ ಬರೆದ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಜಾರ್ಜ್ ಮಾರ್ಟನ್‌ನದು. ಮಾರ್ಟನ್ ನೋವನ್ನು ಕರಾರುವಾಕ್ಕಾಗಿ ವರ್ಣಿಸಿದರೂ ಮೂಲ ನಾಲ್ಕನೇ ಬೆರಳಿನ ಕೀಲಿನಲ್ಲಿದೆ ಎಂದು ನಂಬಿ ಆ ಕೀಲನ್ನೇ ತೆಗೆಯಲು ಹೇಳಿದ. 1893ರಲ್ಲಿ ಹೋಡ್ಲಿ ಎಂಬ ಶಸ್ತ್ರವೈದ್ಯ ನರವನ್ನೇ ತೆಗೆದು ನೋಡಿದ. ದೋಷ ನರದಲ್ಲೇ ಎಂಬುದು ಎಲ್ಲರಿಗೂ ಒಪ್ಪಿತವಾದದ್ದು 1940ರಲ್ಲಿ ಆಸ್ಟ್ರೇಲಿಯಾದ ಬೆಟ್ಸ್ ಬರೆದ ಮೇಲೆ. ನಡುವಿನ ದಶಕಗಳಲ್ಲಿ ಎಷ್ಟೋ ರೋಗಿಗಳು ಆರೋಗ್ಯವಾಗಿದ್ದ ಕೀಲು ಕಳೆದುಕೊಂಡರು. ಎಲ್ಲಿ ನೋಯುತ್ತದೋ ಅಲ್ಲೇ ಕೊಯ್ಯುವುದು ಚಿಕಿತ್ಸೆಯಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಸೀಮೆಯ ಪಾದಗಳಿಗೆ ಬರೋಣ. ಇಲ್ಲಿ ಅಂಗಾಲು ಉರಿಯುವುದಕ್ಕೆ ಮಾರ್ಟನ್ ನರಕ್ಕಿಂತ ಹೆಚ್ಚು ಸಾಮಾನ್ಯವಾದ ಕಾರಣಗಳು ಬೇರೆಯೇ ಇವೆ, ಅವುಗಳಿಗೆ ಪಾದದ ಆಪರೇಷನ್ ಮದ್ದಲ್ಲ.

ಮೊದಲನೆಯದು ಸಕ್ಕರೆ ಕಾಯಿಲೆ. ಶುಗರ್ ಹಾಳುಮಾಡುವ ನರಗಳ ಉರಿ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೆ ಬರುತ್ತದೆ, ಬೆರಳ ತುದಿಯಿಂದ ಮೇಲಕ್ಕೆ ಕಾಲುಚೀಲ ಏರಿಸಿದ ಹಾಗೆ ಹಬ್ಬುತ್ತದೆ, ರಾತ್ರಿ ಮಲಗಿದಾಗ ಜಾಸ್ತಿಯಾಗುತ್ತದೆ. ಮಾರ್ಟನ್ ನೋವು ಹೆಚ್ಚಾಗಿ ಒಂದೇ ಪಾದದ ಒಂದೇ ಸಂದಿನಲ್ಲಿ, ನಡೆದಾಗ ಬರುವಂಥದ್ದು. ಇಷ್ಟು ವ್ಯತ್ಯಾಸ ರೋಗಿಗೇ ಗೊತ್ತಾಗುತ್ತದೆ, ಕೇಳುವವರು ಬೇಕು ಅಷ್ಟೆ. ಎಷ್ಟೋ ಜನಕ್ಕೆ ತಮಗೆ ಶುಗರ್ ಇದೆ ಎಂದು ತಿಳಿಯುವುದೇ ಪಾದ ಉರಿದ ಮೇಲೆ. ಮಧುಮೇಹದ ನರದೌರ್ಬಲ್ಯಕ್ಕೆ ಕಾಲಿನ ಹಲವು ಕಡೆ ಕೊಯ್ದು ನರಗಳನ್ನು ಸಡಿಲಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಕೆಲವರು ಪ್ರಚಾರ ಮಾಡುತ್ತಾರೆ. ಅಮೆರಿಕದ ನರವಿಜ್ಞಾನ ಅಕಾಡೆಮಿ 2006ರಲ್ಲೇ ಅದನ್ನು ಪರಿಶೀಲಿಸಿ, ಉಪಯೋಗ ಸಾಬೀತಾಗಿಲ್ಲ ಎಂದು ಹೇಳಿದೆ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರಲ್ಲಿ ಬಿ12 ಜೀವಸತ್ವ ಇಳಿಯಬಹುದು. ಮಾಂಸ, ಮೊಟ್ಟೆ, ಹಾಲು ಕಂಡೇ ಇಲ್ಲದವರಲ್ಲೂ ಅಷ್ಟೆ. ಅದೂ ಅಂಗಾಲು ಜುಮ್ಮೆನ್ನಿಸುತ್ತದೆ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಅಗ್ಗದ ಔಷಧಿಯಿಂದ ಸರಿಹೋಗುತ್ತದೆ.

ಎರಡನೆಯದು ಕುಷ್ಠ. 2005ರ ಡಿಸೆಂಬರ್‌ನಲ್ಲಿ ದೇಶದಿಂದ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತು ಎಂದು ಘೋಷಿಸಿದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಲೇ ಇದ್ದಾರೆ. ಕುಷ್ಠ ಹಿಡಿಯುವ ನರಗಳಲ್ಲಿ ಕಣಕಾಲಿನ ಹಿಂದಿನ ಟಿಬಿಯಲ್ ನರವೂ ಒಂದು, ಅಂಗಾಲಿಗೆ ಸ್ಪರ್ಶ ಕೊಡುವುದು ಅದೇ. ಮೈಮೇಲೆ ಮುಟ್ಟಿದರೆ ತಿಳಿಯದ ಮಚ್ಚೆ, ಕಣಕಾಲಿನ ಪಕ್ಕ ಹಗ್ಗದಂತೆ ಸಿಗುವ ನರ, ಉರಿಗಿಂತ ಹೆಚ್ಚಾಗಿ ಮರಗಟ್ಟುವಿಕೆ ಇದ್ದರೆ ನೋಡಬೇಕಾದ್ದು ಇದನ್ನು. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಾದದ ಸ್ಪರ್ಶ ಹೋದವರಿಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೂ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೊಡುತ್ತಾರೆ. ವೆಲ್ಲೂರಿನಲ್ಲಿ ದಶಕಗಳ ಕಾಲ ಕುಷ್ಠರೋಗಿಗಳ ಕೈಕಾಲು ಸರಿಪಡಿಸಿದ ಡಾ. ಪಾಲ್ ಬ್ರಾಂಡ್, ಬೆರಳುಗಳು ಕೊಳೆತು ಉದುರುವುದಲ್ಲ, ನೋವು ತಿಳಿಯದ ಕಾಲು ಗಾಯದ ಮೇಲೆ ಗಾಯ ಮಾಡಿಕೊಂಡು ಸವೆಯುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟರು. ನರ ಕತ್ತರಿಸುವ ಮಾತು ಬಂದಾಗಲೆಲ್ಲ ಈ ಮಾತು ನೆನಪಿರಬೇಕು.

ಇನ್ನು ನೀರು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಅಂತರ್ಜಲದ ಆರ್ಸೆನಿಕ್‌ನಿಂದ ಜನ ಕಾಯಿಲೆ ಬಿದ್ದದ್ದು ವಿಜ್ಞಾನಿಗಳ ಅಧ್ಯಯನದಲ್ಲಿ ದಾಖಲಾಗಿದೆ. ಅದು ಹಳೆಯ ಚಿನ್ನದ ಗಣಿಗಳ ಕಲ್ಲುಪಟ್ಟಿಯ ನೆಲ. ಆರ್ಸೆನಿಕ್ ದೀರ್ಘಕಾಲ ಮೈಗೆ ಸೇರಿದರೆ ಅಂಗೈ–ಅಂಗಾಲು ಗಂಟುಗಂಟಾಗುತ್ತವೆ, ಚರ್ಮದ ಬಣ್ಣ ಬದಲಾಗುತ್ತದೆ, ಪಾದದ ನರಗಳು ಉರಿಯುತ್ತವೆ. ಒಂದೇ ಬೋರ್‌ವೆಲ್ ನೀರು ಕುಡಿಯುವ ಮನೆಗಳಲ್ಲಿ ಹಲವರಿಗೆ ಹೀಗಾಗಿದ್ದರೆ ಪರೀಕ್ಷೆ ಮಾಡಿಸಬೇಕಾದ್ದು ಪಾದಕ್ಕಿಂತ ಮೊದಲು ನೀರನ್ನು.

ಮುಳ್ಳು ಮತ್ತೊಂದು ಕಥೆ. ಬಳ್ಳಾರಿ ಜಾಲಿ ಹಬ್ಬಿದ ಈ ಹೊಲಗಳಲ್ಲಿ ಮುಳ್ಳು ಚುಚ್ಚದ ಕಾಲಿಲ್ಲ. ಒಳಗೆ ಮುರಿದು ಉಳಿದ ತುದಿ ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಸುತ್ತ ಗಂಟು ಕಟ್ಟಿಕೊಂಡು ನಡೆದಾಗ ಚುಚ್ಚತೊಡಗುತ್ತದೆ. ಕಟ್ಟಿಗೆಯ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. "ಎಕ್ಸ್‌ರೇ ನಾರ್ಮಲ್ ಐತಿ, ಹಂಗಾದ್ರ ನರದ್ದೇ" ಎಂಬ ತೀರ್ಮಾನಕ್ಕೆ ಬರುವ ಮುಂಚೆ ಹಳೆಯ ಮುಳ್ಳಿನ ನೆನಪಿದ್ದರೆ ವೈದ್ಯರಿಗೆ ಹೇಳಿ. ಆಣಿಯೂ ಹೀಗೆಯೇ ನೋಯುತ್ತದೆ, ಆದರೆ ಅದು ಚರ್ಮದಲ್ಲೇ ಕಾಣುತ್ತದೆ.

ಕಡೆಯದಾಗಿ ನಡಿಗೆ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಹೊರಟ ಸಾವಿರಾರು ಭಕ್ತರು ರಾಯಚೂರು ಜಿಲ್ಲೆಯನ್ನು ಹಾದು ಹೋಗುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡು. ವರ್ಷವಿಡೀ ಅಷ್ಟು ನಡೆಯದ ಕಾಲು ದಿಢೀರನೆ ದಿನಕ್ಕೆ ಹತ್ತಾರು ಮೈಲಿ ನಡೆದರೆ ಬೆರಳ ಬುಡದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಕವಾಯತು ಮಾಡುವ ಸೈನಿಕರ ಪಾದಗಳಲ್ಲಿ ಇದನ್ನು ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ಕಂಡಿದ್ದ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಪಾದದ ಮೇಲ್ಭಾಗ ಊದಿ, ಎಲುಬಿನ ಮೇಲೆಯೇ ಒತ್ತಿದರೆ ನೋಯುವುದು ಇದರ ಗುರುತು. ಇದಕ್ಕೆ ಬೇಕಾದ್ದು ವಿಶ್ರಾಂತಿ.

ಇಷ್ಟನ್ನೂ ಬದಿಗಿಟ್ಟ ಮೇಲೆ ಉಳಿದದ್ದು ನಮ್ಮ ನರ. ಒಳ್ಳೆಯ ವೈದ್ಯರು ಮೊದಲು ಕೈಯಿಂದಲೇ ನೋಡುತ್ತಾರೆ. ಎರಡು ಬೆರಳುಗಳ ಎಲುಬಿನ ನಡುವಿನ ಸಂದಿಯನ್ನು ಮೇಲಿಂದ ಕೆಳಗಿಂದ ಹೆಬ್ಬೆರಳು–ತೋರುಬೆರಳಿನಲ್ಲಿ ಒತ್ತುತ್ತಾರೆ. ಇನ್ನೊಂದು ಕೈಯಲ್ಲಿ ಪಾದದ ಎರಡೂ ಅಂಚು ಹಿಡಿದು ಅದುಮಿದಾಗ ಒಳಗೆ 'ಟಕ್' ಎಂದು ಜಾರಿದ ಅನುಭವವಾಗಿ, ಅದೇ ನೋವು ಮರಳಿ ಬರುತ್ತದೆ. ನೆದರ್‌ಲೆಂಡ್ಸ್‌ನ ಮುಲ್ಡರ್ 1951ರಲ್ಲಿ ಬರೆದ ಪರೀಕ್ಷೆ ಇದು, ಖರ್ಚಿಲ್ಲದ್ದು. ಎಲುಬಿನ ದೋಷ ತಳ್ಳಿಹಾಕಲು ಎಕ್ಸ್‌ರೇ, ನರ ನೋಡಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ. ಇಲ್ಲೊಂದು ಎಚ್ಚರ: ನೋವೇ ಇಲ್ಲದವರ ಪಾದವನ್ನು ಎಂಆರ್‌ಐ ಮಾಡಿ ನೋಡಿದ ಅಧ್ಯಯನಗಳಲ್ಲೂ ಸಾಕಷ್ಟು ಜನರಲ್ಲಿ ಇಂಥ ದಪ್ಪಗಾದ ನರ ಕಂಡಿದೆ. ಆದ್ದರಿಂದ ರಿಪೋರ್ಟಿನಲ್ಲಿ ನ್ಯೂರೋಮಾ ಎಂದು ಬರೆದಿದ್ದರೆ ಸಾಲದು, ನೋವು ಅದೇ ಸಂದಿನಲ್ಲಿ, ಅದೇ ರೀತಿಯಲ್ಲಿ ಇರಬೇಕು. ಅನುಮಾನವಿದ್ದರೆ ಆ ಜಾಗಕ್ಕೆ ಸ್ವಲ್ಪ ಮರಗಟ್ಟಿಸುವ ಮದ್ದು ಕೊಟ್ಟು ನೋಡುತ್ತಾರೆ. ಮದ್ದಿನ ಹೊತ್ತಿನಲ್ಲಿ ನೋವು ಪೂರ್ತಿ ಮಾಯವಾದರೆ ಜಾಗ ಸರಿಯಿದೆ ಎನ್ನಲು ಒಳ್ಳೆಯ ಆಧಾರ ಸಿಕ್ಕಂತೆ.

ಚಿಕಿತ್ಸೆಯ ಮೊದಲ ಹೆಜ್ಜೆ ಚಪ್ಪಲಿ. ಇದನ್ನು ಕೇಳಿ ಮುಖ ಸಿಂಡರಿಸುವವರು ಬಹಳ. ಇಷ್ಟು ದೂರ ಬಂದು ಚಪ್ಪಲಿ ಬದಲಿಸು ಅಂದರೆ ಹೇಗೆ ಎಂಬ ಬೇಸರ ಸಹಜ. ಆದರೆ ನರಕ್ಕೆ ಬೀಳುವ ಒತ್ತಡವೇ ರೋಗದ ಬೇರು, ಅದನ್ನು ಇಳಿಸದೆ ಗುಳಿಗೆಯೂ ಸೂಜಿಯೂ ಹೆಚ್ಚು ದಿನ ನಿಲ್ಲುವುದಿಲ್ಲ. ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾದ ಮುಂಭಾಗ, ದಪ್ಪ ಮೆತ್ತನೆಯ ಅಟ್ಟೆ, ತಗ್ಗಾದ ಹಿಮ್ಮಡಿ, ಹಿಂದೆ ಪಟ್ಟಿ ಇರಬೇಕು. ಪಟ್ಟಿ ಇದ್ದರೆ ಚಪ್ಪಲಿ ಬೀಳದಂತೆ ಬೆರಳು ಮುದುರಿ ಹಿಡಿಯುವ ಕಷ್ಟ ತಪ್ಪುತ್ತದೆ. ಒಳಗೆ ಒಂದು ಸಣ್ಣ ಮೆತ್ತೆ ಅಂಟಿಸಬೇಕು, ಮೆಟಟಾರ್ಸಲ್ ಪ್ಯಾಡ್ ಎಂದು ಸಿಗುತ್ತದೆ. ಬಹುಪಾಲು ಜನ ಅದನ್ನು ನೋಯುವ ಜಾಗದ ಕೆಳಗೇ ಇಟ್ಟುಕೊಂಡು ನೋವು ಹೆಚ್ಚಿಸಿಕೊಳ್ಳುತ್ತಾರೆ. ಅದು ಇರಬೇಕಾದ್ದು ನೋಯುವ ಜಾಗಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಆಗ ನಡೆಯುವಾಗ ಎಲುಬುಗಳು ಮೇಲೆದ್ದು ಒಂದರಿಂದೊಂದು ದೂರ ಸರಿದು ನರಕ್ಕೆ ಜಾಗ ಮಾಡಿಕೊಡುತ್ತವೆ. ಚಪ್ಪಲಿ ಹೊಲಿಯುವ ಕೈ ಪಳಗಿದವರಿಗೆ ಇದನ್ನು ತೋರಿಸಿಕೊಟ್ಟರೆ ಸಂತೆಯಲ್ಲೇ ಕೂಡಿಸಿಕೊಡಬಲ್ಲರು. ಮೀನಖಂಡ ಬಿಗಿಯಾಗಿದ್ದರೆ ಮುಂಗಾಲಿನ ಮೇಲೆ ಭಾರ ಹೆಚ್ಚುತ್ತದೆ, ಗೋಡೆಗೆ ಕೈ ಕೊಟ್ಟು ಅದನ್ನು ಎಳೆಯುವ ವ್ಯಾಯಾಮ ದಿನಾ ಮಾಡಬೇಕು. ಇದಕ್ಕೆಲ್ಲ ಎರಡು ಮೂರು ತಿಂಗಳ ತಾಳ್ಮೆ ಬೇಕು. ನರದ ನೋವಿಗೆ ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಗಳನ್ನು ವೈದ್ಯರು ಕೊಡುವುದುಂಟು. ಮಂಪರು ತರುತ್ತವೆ, ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ನುಂಗುವಂಥವಲ್ಲ.

ಅದಕ್ಕೂ ಇಳಿಯದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್. ಸ್ಕಾಟ್ಲೆಂಡ್‌ನಲ್ಲಿ 131 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರೀ ಮರಗಟ್ಟಿಸುವ ಮದ್ದು ಪಡೆದವರಿಗಿಂತ ಸ್ಟೀರಾಯ್ಡ್ ಸೇರಿಸಿ ಪಡೆದವರ ಪಾದಗಳು ಮೂರು ತಿಂಗಳ ಹೊತ್ತಿಗೆ ಉತ್ತಮವಾಗಿದ್ದವು. ಕೆಲವರಿಗೆ ಇಷ್ಟೇ ಸಾಕಾಗುತ್ತದೆ, ಕೆಲವರಿಗೆ ನೋವು ಮರಳುತ್ತದೆ. ಪದೇ ಪದೇ ಹಾಕಿಸಿದರೆ ಅಂಗಾಲಿನ ಸಹಜ ಮೆತ್ತೆಯಾದ ಕೊಬ್ಬು ಕರಗುತ್ತದೆ, ಚರ್ಮ ಬಿಳಿಚುತ್ತದೆ, ಅಕ್ಕಪಕ್ಕದ ಕೀಲಿನ ತಂತುಗಳು ಸಡಿಲಾಗಿ ಬೆರಳು ಸೊಟ್ಟಗಾಗಬಹುದು. ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಕರಗಿದ ಕೊಬ್ಬಿನ ಮೆತ್ತೆಯನ್ನು ಮರಳಿ ಕೊಡುವ ಸುಲಭದ ಚಿಕಿತ್ಸೆ ಇಲ್ಲ. ಸೊಂಟಕ್ಕೆ ಹಾಕುವ ಸೂಜಿಯಷ್ಟು ಹಗುರಾಗಿ ಇದನ್ನು ಊರಲ್ಲಿ ಯಾರ ಕೈಯಲ್ಲಾದರೂ ಹಾಕಿಸಿಕೊಳ್ಳುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನರವನ್ನು ಆಲ್ಕೋಹಾಲ್ ಸೂಜಿಯಿಂದ, ಶಾಖದಿಂದ ಅಥವಾ ಅತಿ ತಂಪಿನಿಂದ ಮಂಕುಗೊಳಿಸುವ ವಿಧಾನಗಳು ದೊಡ್ಡ ನಗರಗಳಲ್ಲಿವೆ. ಫಲಿತಾಂಶ ಒಬ್ಬರಿಗೊಂದು ತೆರನಾಗಿದೆ.

ಈಗ ಕತ್ತರಿಯ ಮಾತು. ಎರಡು ಬಗೆಯ ಶಸ್ತ್ರಚಿಕಿತ್ಸೆಗಳಿವೆ. ಒಂದರಲ್ಲಿ ನರವನ್ನು ಮುಟ್ಟದೆ ಅದನ್ನು ಒತ್ತುತ್ತಿರುವ ತಂತುಪಟ್ಟಿಯನ್ನಷ್ಟೇ ಕತ್ತರಿಸಿ ಬಿಡಿಸುತ್ತಾರೆ. ಇನ್ನೊಂದರಲ್ಲಿ ದಪ್ಪಗಾದ ನರವನ್ನೇ ತೆಗೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎರಡನೆಯದು. ಕಣಕಾಲಿನ ಬಳಿ ಮರಗಟ್ಟಿಸಿ ಮಾಡಬಹುದಾದ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುವ ಆಪರೇಷನ್ ಇದು. ಪಾದದ ಮೇಲ್ಭಾಗದಿಂದ ಕೊಯ್ದರೆ ಬೇಗ ಕಾಲೂರಬಹುದು, ಗಾಯದ ಗುರುತು ನೆಲಕ್ಕೆ ತಾಗುವುದಿಲ್ಲ. ಅಂಗಾಲಿನ ಕಡೆಯಿಂದ ಕೊಯ್ದರೆ ನರ ಚೆನ್ನಾಗಿ ಕಾಣುತ್ತದೆ, ಆದರೆ ಕಲೆ ಗಟ್ಟಿಯಾಗಿ ನಡೆವಾಗಲೆಲ್ಲ ನೋಯುವ ಸಂಭವವಿದೆ. ಮೊದಲ ಸಲಕ್ಕೆ ಮೇಲಿನಿಂದ, ಎರಡನೇ ಸಲ ಮಾಡಬೇಕಾಗಿ ಬಂದರೆ ಕೆಳಗಿನಿಂದ ಎಂಬುದು ಹಲವರ ರೂಢಿ.

ನರ ತೆಗೆದ ಮೇಲೆ ಆ ಎರಡು ಬೆರಳುಗಳ ಎದುರುಬದುರಿನ ಮಗ್ಗುಲುಗಳು ಮರಗಟ್ಟುತ್ತವೆ. ಇದು ಅಪಘಾತವಲ್ಲ, ಆಪರೇಷನ್‌ನ ಖಚಿತ ಪರಿಣಾಮ, ಬಹುಪಾಲು ಶಾಶ್ವತ. ಪಟ್ಟಣದಲ್ಲಿ ಬೂಟು ಹಾಕಿ ಓಡಾಡುವವರಿಗೆ ಇದು ನೆನಪಿಗೂ ಬಾರದು. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವವರ ಲೆಕ್ಕ ಬೇರೆ. ಬೆರಳ ಸಂದಿನಲ್ಲಿ ಕೆಸರುಹುಣ್ಣು ಒಡೆದರೂ, ಕೂಳೆ ಚುಚ್ಚಿದರೂ ತಿಳಿಯದು. ಇವರು ಜೀವನವಿಡೀ ದಿನಾ ರಾತ್ರಿ ಸಂದು ಬಿಡಿಸಿ ನೋಡಿಕೊಳ್ಳಬೇಕು. ಇದನ್ನು ಸಹಿ ಹಾಕಿಸುವ ಮುಂಚೆ, ರೋಗಿಯ ಮಾತಿನಲ್ಲಿ ಹೇಳಬೇಕು. ಇಂಗ್ಲಿಷ್ ಫಾರ್ಮಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ.

ಎಲ್ಲಕ್ಕಿಂತ ಕಾಡುವ ತೊಡಕು ಮೊಂಡು ನರದ ಗಂಟು. ಕತ್ತರಿಸಿದ ನರದ ತುದಿ ಸುಮ್ಮನೆ ಸಾಯುವುದಿಲ್ಲ. ಕಡಿದ ಜಾಲಿಯ ಬೊಡ್ಡೆ ಚಿಗುರುವಂತೆ ಅದರಿಂದ ಹೊಸ ಎಳೆಗಳು ಹೊರಟು, ಹೋಗಲು ದಾರಿ ಸಿಗದೆ ಅಲ್ಲೇ ಸುತ್ತಿಕೊಂಡು ಗಂಟಾಗುತ್ತವೆ. ಆ ಗಂಟು ಭಾರ ಬೀಳುವ ಎಲುಬಿನ ಕೆಳಗೇ ಸಿಕ್ಕರೆ ಮೊದಲಿನ ನೋವಿಗಿಂತ ಕೆಟ್ಟದಾದ ನೋವು ತಿಂಗಳುಗಳ ನಂತರ ಶುರುವಾಗುತ್ತದೆ. ಬೆರಳಿನಿಂದ ಆ ಜಾಗ ತಟ್ಟಿದರೆ ಕರೆಂಟು ಹೊಡೆದಂತಾಗುತ್ತದೆ. ಇದನ್ನು ತಪ್ಪಿಸಲು ಒಳ್ಳೆಯ ಶಸ್ತ್ರವೈದ್ಯರು ನರವನ್ನು ಹಿಂದಕ್ಕೆ, ತಂತುಪಟ್ಟಿಯಿಂದ ಸುಮಾರು 3 ಸೆಂ.ಮೀ. ದೂರದಲ್ಲಿ ಕತ್ತರಿಸಿ, ತುದಿಯನ್ನು ಭಾರ ಬೀಳದ ಸ್ನಾಯುವಿನ ನಡುವೆ ಸರಿಸುತ್ತಾರೆ. ಅಂಗಾಲಿಗೆ ಹೋಗುವ ಸಣ್ಣ ಎಳೆಗಳನ್ನು ಬಿಡಿಸದೆ ಬಿಟ್ಟರೆ ಅವು ಕತ್ತರಿಸಿದ ತುದಿಯನ್ನು ಹಿಂದಕ್ಕೆ ಸರಿಯಲು ಬಿಡುವುದಿಲ್ಲ. ಎರಡನೇ ಆಪರೇಷನ್‌ನ ಯಶಸ್ಸು ಮೊದಲನೆಯದಕ್ಕಿಂತ ಕಡಿಮೆ. ಹಾಗಾಗಿ ಮೊದಲನೆಯದನ್ನೇ ಪಾದದ ಕೆಲಸ ಬಲ್ಲವರ ಕೈಯಲ್ಲಿ ಮಾಡಿಸಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಕೀವಾಗುವುದು, ಹೊಲಿಗೆ ಬಿಡುವುದು, ಒಳಗೆ ರಕ್ತ ಹೆಪ್ಪುಗಟ್ಟಿ ಊದುವುದು ಯಾವ ಆಪರೇಷನ್‌ನಲ್ಲೂ ಇರುವ ಅಪಾಯಗಳು. ನರದ ಪಕ್ಕದಲ್ಲೇ ಬೆರಳಿಗೆ ರಕ್ತ ಒಯ್ಯುವ ನಾಳವಿದೆ. ಅಕ್ಕಪಕ್ಕದ ಎರಡು ಸಂದುಗಳನ್ನು ಒಂದೇ ಸಲ ಕೊಯ್ದರೆ ನಡುವಿನ ಬೆರಳಿಗೆ ರಕ್ತ ಕಡಿಮೆಯಾಗುವ ಭಯವಿರುತ್ತದೆ. ಸಂದು ತಪ್ಪಿ ಬೇರೆ ಕಡೆ ಕೊಯ್ದ, ನರದ ಬದಲು ಬೇರೇನೋ ತೆಗೆದ ಪ್ರಕರಣಗಳೂ ವೈದ್ಯಸಾಹಿತ್ಯದಲ್ಲಿವೆ. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿ ವರದಿ ಕೇಳಬೇಕು ಅನ್ನುವುದು ಇದಕ್ಕೇ. ಅಪರೂಪಕ್ಕೆ ಇಡೀ ಪಾದವೇ ಊದಿ, ಬಣ್ಣ ಬದಲಿಸಿ, ಬೆವರಿ, ಬಟ್ಟೆ ತಾಗಿದರೂ ತಾಳಲಾರದ ನೋವು ಬರುತ್ತದೆ. ಇದು ಗಾಯದ ಮಾಮೂಲಿ ನೋವಲ್ಲ, ನರವ್ಯವಸ್ಥೆಯೇ ಕೆರಳಿದ ಸ್ಥಿತಿ. ಮೊದಲ ವಾರಗಳಲ್ಲೇ ಗುರುತಿಸಿ ಪಾದ ಆಡಿಸುವ ವ್ಯಾಯಾಮ ಶುರುಮಾಡಿದರೆ ಸುಧಾರಿಸಲು ಹೆಚ್ಚು ಅವಕಾಶ. "ಆಪರೇಷನ್ ಆಗೇದ, ನೋಯಲೇಬೇಕು" ಎಂದು ಮನೆಯವರು ಸುಮ್ಮನೆ ಕೂರಿಸಬಾರದು.

ಯಶಸ್ಸಿನ ಲೆಕ್ಕವೆಷ್ಟು? ಅಮೆರಿಕದ ಮ್ಯಾನ್ ಮತ್ತು ರೆನಾಲ್ಡ್ಸ್ 1983ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಧ್ಯಯನದಲ್ಲಿ ನರ ತೆಗೆಸಿಕೊಂಡವರಲ್ಲಿ ಶೇ 80ರಷ್ಟು ಮಂದಿಗೆ ಚೆನ್ನಾಗಿ ಗುಣವಾಯಿತು. ಆನಂತರದ ಬಹಳಷ್ಟು ವರದಿಗಳೂ ಇದರ ಆಸುಪಾಸಿನಲ್ಲೇ ಇವೆ. ಐದು ಜನರಲ್ಲಿ ನಾಲ್ವರಿಗೆ ಅನುಕೂಲ ಅಂದರೆ ಅದು ಕೆಟ್ಟ ಫಲಿತಾಂಶವಲ್ಲ. ಆದರೆ ಐದನೆಯವರು ನೀವಾದರೆ ಏನು ಮಾಡುವುದು ಎಂಬುದನ್ನು ಮೊದಲೇ ಮಾತಾಡಿಕೊಂಡಿರಬೇಕು. ಶುಗರ್ ಹತೋಟಿಯಲ್ಲಿಲ್ಲದವರು, ಪಾದದ ನಾಡಿ ಸಿಗದವರು, ಬೀಡಿ–ಸಿಗರೇಟು ಬಿಡದವರು, ಪಾದ ಈಗಾಗಲೇ ಮರಗಟ್ಟಿರುವವರು ಈ ಆಪರೇಷನ್‌ಗೆ ತಕ್ಕವರಲ್ಲ. ಅವರ ಗಾಯ ಮಾಯುವುದೇ ಕಷ್ಟ.

ಇನ್ನು ಕೂಲಿಯ ಲೆಕ್ಕ, ಇದನ್ನು ಆಸ್ಪತ್ರೆಯಲ್ಲಿ ಯಾರೂ ಎತ್ತುವುದಿಲ್ಲ. ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ, ಅಲ್ಲಿಯವರೆಗೆ ಹಿಮ್ಮಡಿಯ ಮೇಲೆ ಭಾರ ಹಾಕಿ ಅಷ್ಟಿಷ್ಟು ನಡಿಗೆ. ಮಾಮೂಲಿ ಚಪ್ಪಲಿ ಹಾಕಿ ಓಡಾಡಲು ನಾಲ್ಕರಿಂದ ಆರು ವಾರ. ಗಾಯ ಪೂರ್ತಿ ಮಾಯದೆ ಗದ್ದೆಯ ಕೆಸರಿಗೆ ಇಳಿಯುವಂತಿಲ್ಲ. ನಾಟಿ ಹಂಗಾಮು ಶುರುವಾಗುವ ಹೊಸ್ತಿಲಲ್ಲಿ ಆಪರೇಷನ್ ಮಾಡಿಸಿಕೊಂಡರೆ, ಕೂಲಿ ಬಿಡಲಾಗದೆ ಹತ್ತನೇ ದಿನ ನೀರಿಗಿಳಿದು ಕೀವು ಮಾಡಿಕೊಳ್ಳುವುದೇ ಆಗುತ್ತದೆ. ಇದು ತುರ್ತು ಆಪರೇಷನ್ ಅಲ್ಲ, ಕೆಲಸ ಕಡಿಮೆ ಇರುವ ತಿಂಗಳಿಗೆ ದಿನ ಕೇಳಲು ಹಿಂಜರಿಯಬೇಕಿಲ್ಲ. ಕಾಲುಂಗುರವನ್ನು ಮುಂಚೆಯೇ ತೆಗೆದಿಡಬೇಕು, ಪಾದ ಊದಿದ ಮೇಲೆ ಅದು ಬೆರಳನ್ನು ಕತ್ತರಿಸುವಂತೆ ಬಿಗಿಯುತ್ತದೆ. ಹಿರಿಯ ಹೆಣ್ಣುಮಕ್ಕಳು ಇದಕ್ಕೆ ಅಳುಕುವುದು ನನಗೆ ಗೊತ್ತು. ಮನೆಯವರು ಮೊದಲೇ ಸಮಾಧಾನ ಹೇಳಿ ಒಪ್ಪಿಸಬೇಕು.

ಪಾದಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗ ನಮ್ಮ ರಾಜ್ಯದಲ್ಲಿ ಸರ್ಕಾರದ ಕಡೆಯಿಂದ ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಲ್ಲಿದೆ. ಅದು ಬಾಗಲವಾಡಕ್ಕೆ ಒಂದು ರಾತ್ರಿಯ ಪ್ರಯಾಣ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಶುಗರ್, ಬಿ.ಪಿ. ನೋಡುತ್ತಾರೆ. ಆ ತಂಡ ಬಂದಾಗ ಕೈ ಚಾಚುವುದರ ಜೊತೆಗೆ ಪಾದವನ್ನೂ ಚಾಚಿ, ನೋಡಲು ಕೇಳಿ. ಕಲ್ಯಾಣ ಕರ್ನಾಟಕದ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ಪಾದದ ಹೊರರೋಗಿ ವಿಭಾಗ, ಅದರ ಪಕ್ಕದಲ್ಲೇ ಚಪ್ಪಲಿ ಮಾಡಿಕೊಡುವ ಒಬ್ಬ ಕುಶಲಕರ್ಮಿ ಇರಬೇಕು. ಆಗ ಅರ್ಧಕ್ಕರ್ಧ ನೋವುಗಳು ಕತ್ತರಿಯ ಹತ್ತಿರವೂ ಹೋಗುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಅಲ್ಲಿಯ ತನಕ, ಮುಂಗಾಲಿನ ಉರಿ ಒಂದು ತಿಂಗಳಿಗಿಂತ ಹೆಚ್ಚು ಕಾಡಿದರೆ ಮಾನ್ವಿಯ ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ನ ಎಲುಬು–ಕೀಲು ವಿಭಾಗಕ್ಕೋ ಹೋಗಿ. ಹೊಲಕ್ಕೆ ಹಾಕಿಕೊಂಡು ಹೋಗುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ, ಅದು ಎಲ್ಲಿ ಸವೆದಿದೆ ಎಂಬುದರಿಂದ ವೈದ್ಯರಿಗೆ ಬಹಳ ತಿಳಿಯುತ್ತದೆ. ಶುಗರ್ ಪರೀಕ್ಷೆಯ ಚೀಟಿ, ಈಗಾಗಲೇ ಹಾಕಿಸಿಕೊಂಡ ಸೂಜಿಗಳ ವಿವರ ಜೊತೆಗಿರಲಿ. ಆಪರೇಷನ್ ಅಂದರೆ ಯಾವ ಸಂದು, ನರ ತೆಗೆಯುತ್ತೀರೋ ಪಟ್ಟಿ ಬಿಡಿಸುತ್ತೀರೋ, ಬೆರಳು ಎಷ್ಟು ಮರಗಟ್ಟುತ್ತದೆ, ನೋವು ಮರಳಿದರೆ ಮುಂದೇನು ಎಂದು ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಖರ್ಚು ಸೇರುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ. ಉತ್ತರ ಅರ್ಥವಾಗುವ ತನಕ ಸಹಿ ಹಾಕಬೇಡಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನವಲ್ಲ.